ಕಿಲ್ಟೂ ಕಂಬಳಿಯೂ

ದಾವಣಗೆರೆಯಲ್ಲಿ ಬೇಸಗೆಯ ಮಧ್ಯಾಹ್ನವೆಂದರೆ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ನಡುಮನೆಯಲ್ಲಿ ಕುಳಿತಿರತಕ್ಕ ಹೊತ್ತು. ಅಂಥದೊಂದು ಮಧ್ಯಾಹ್ನ, ಶಾಲೆಗೆ ರಜೆಯಿದ್ದ ನಮ್ಮ ಮಗಳು ದೂರದರ್ಶನದ ಮುಂದೆ ಕುಳಿತು ‘ಬ್ರೇವ್’ ಎಂಬ ಬೊಂಬೆಚಿತ್ರವನ್ನು ನೋಡುತ್ತಿದ್ದಳು. ನಮ್ಮ ಅತ್ತೆಯವರು ಮೊರವನ್ನು ಮುಂದಿಟ್ಟುಕೊಂಡು ಹುಣಿಸೆಹಣ್ಣಿನ ಬೀಜ ಬಿಡಿಸುತ್ತ, ಆಗಾಗ ತಲೆಯೆತ್ತಿ ಅದೇನೆಂದು ನೋಡುತ್ತಿದ್ದರು. ಕೆಂಪುಗಡ್ಡದ ದೈತ್ಯನಂಥ ದೊರೆಯೊಬ್ಬನು ತನ್ನ ಪರಿವಾರದೊಡನೆ ಪರದೆಯ ಮೇಲೆ ಬಂದುದೇ ತಡ, ಅವರ ಕೈ ನಿಂತಿತು.

“ಏನೇ ಇದು, ಈ ಗಂಡಸ್ರೆಲ್ಲ ಲಂಗ ಉಟ್ಕಂಡವ್ರಲ್ಲ!”

“ಅದು ಲಂಗ ಅಲ್ಲ ಅಜ್ಜಿ, ಕಿಲ್ಟು. ಅಲ್ಲಿ ಗಂಡಸ್ರೇ ಉಡೋದು.”

ಅತ್ತೆಯವರು ಕನ್ನಡಕವನ್ನು ಸರಿಮಾಡಿಕೊಂಡು ಇನ್ನಷ್ಟು ಹೊತ್ತು ನೋಡಿದರು. “ಲಂಗಾನೋ ಕಿಲ್ಟೋ ನಂಗೊತ್ತಿಲ್ಲ. ಆ ಹೆಗಲ ಮ್ಯಾಲಿಂದು ನೋಡಿದ್ರೆ ನಮ್ಮೂರ ಕುರುಬ್ರು ಕಂಬಳಿ ಹೊದ್ದಂಗೇ ಐತಿ” ಎಂದು ಮತ್ತೆ ಹುಣಿಸೆಹಣ್ಣಿಗೆ ಕೈಹಾಕಿದರು. ಹರಿಹರದ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು ಅವರು. ನಾವೆಲ್ಲರೂ ನಕ್ಕೆವು. ಆದರೆ ಆ ಉಡುಪಿನ ಚರಿತ್ರೆಯನ್ನು ಆಮೇಲೆ ಒಂದಿಷ್ಟು ಓದಿನೋಡಿದಾಗ ನಾವು ನಕ್ಕದ್ದು ತಪ್ಪೆಂದು ತಿಳಿಯಿತು. ಚಿತ್ರ ಮಾಡಿದವರಿಗಿಂತಲೂ ಅತ್ತೆಯವರೇ ನಿಜಕ್ಕೆ ಹತ್ತಿರವಾಗಿದ್ದರು.

ಈ ಚಿತ್ರವನ್ನು ಅಮೆರಿಕದ ಪಿಕ್ಸಾರ್ ಸಂಸ್ಥೆಯವರು ೨೦೧೨ರಲ್ಲಿ ಹೊರತಂದರು. ಮರುವರ್ಷ ಅದಕ್ಕೆ ಆಸ್ಕರ್ ಪಾರಿತೋಷಕವೂ ಬಂದಿತು. ನೋಡದಿರುವ ವಾಚಕಿಯರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಡನ್‌ಬ್ರಾಖ್ ಎಂಬ ಮನೆತನದ ದೊರೆ ಫರ್ಗಸ್, ರಾಣಿ ಎಲಿನಾರ್. ಅವರ ಮಗಳು ಮೆರಿಡಾ ಬಿಲ್ಲುವಿದ್ಯೆಯಲ್ಲಿ ಗಟ್ಟಿಗಿತ್ತಿ. ಮೂವರು ಪಾಳೆಯಗಾರರು ತಮ್ಮ ತಮ್ಮ ಗಂಡುಮಕ್ಕಳನ್ನು ಕರೆದುಕೊಂಡು ಹೆಣ್ಣು ಕೇಳಲು ಬರುತ್ತಾರೆ. ತಾಯಿಗೆ ಮದುವೆಯ ಆತುರ, ಮಗಳಿಗೆ ಒಲ್ಲದ ಹಟ. ಜಗಳದ ಭರದಲ್ಲಿ ಮಗಳು ಕತ್ತಿಯಿಂದ, ತಾಯಿ ತನ್ನ ಕೈಯಾರೆ ಮಾಡಿದ ಕುಟುಂಬದ ಚಿತ್ರಪಟವನ್ನು ತಾಯಿಗೂ ತನಗೂ ನಡುವೆ ಸೀಳಿಹಾಕುತ್ತಾಳೆ. ಮುಂದೆ ಮಾಟಗಾತಿಯೊಬ್ಬಳ ಕೈವಾಡದಿಂದ ತಾಯಿ ಕರಡಿಯಾಗುವಳು. ಎರಡನೆಯ ಸೂರ್ಯೋದಯದೊಳಗಾಗಿ ಹರಿದುದನ್ನು ಕೂಡಿಸದಿದ್ದರೆ ಅವಳು ಕರಡಿಯಾಗಿಯೇ ಉಳಿಯುವಳು. ಸೂಜಿ ಹಿಡಿಯಲೊಲ್ಲದ ಹುಡುಗಿ ಕುದುರೆಯ ಮೇಲೆ ಕುಳಿತು ಆ ಪಟವನ್ನು ಹೊಲಿಯುತ್ತ ಓಡುವ ದೃಶ್ಯವನ್ನು ಹೆಣ್ಣುಮಕ್ಕಳಿರುವ ಯಾವ ತಾಯಿಯೂ ನಿರ್ಲಿಪ್ತಳಾಗಿ ನೋಡಲಾರಳು.

ಕಥೆಯ ಕೀಲಿರುವುದೇ ಬಟ್ಟೆಯಲ್ಲಿ. ಬಂದ ಮೂರು ಮನೆತನಗಳಿಗೂ ಡನ್‌ಬ್ರಾಖಿನವರಿಗೂ ಒಂದೊಂದು ಬಗೆಯ ಚೌಕಳಿ. ಯಾರು ಯಾರ ಕಡೆಯವರೆಂಬುದು ನೋಡಿದೊಡನೆ ತಿಳಿಯುವುದು. ಒಂದು ಕಡೆ, ರಾಣಿಯ ಮೂವರು ತುಂಟಮಕ್ಕಳ ಹೂಟಕ್ಕೆ ಮೋಸಹೋದ ವೀರರೆಲ್ಲರೂ ಕೋಟೆಯ ಮಾಳಿಗೆಯ ಮೇಲೆ ಸಿಕ್ಕಿಬಿದ್ದು, ಉಟ್ಟ ಕಿಲ್ಟುಗಳನ್ನೇ ಬಿಚ್ಚಿ ಒಂದಕ್ಕೊಂದು ಗಂಟುಹಾಕಿ ಹಗ್ಗ ಮಾಡಿಕೊಂಡು ಇಳಿದುಬರುತ್ತಾರೆ. ಇಳಿದು ಬಂದವರ ಸ್ಥಿತಿಯನ್ನು ಇಲ್ಲಿ ವರ್ಣಿಸತಕ್ಕದ್ದಲ್ಲ. ನಮ್ಮ ಮನೆಯಲ್ಲಿ ಅತ್ತೆಯವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರೆಂದಷ್ಟೇ ಹೇಳಿ ಮುಂದೆ ಸಾಗುತ್ತೇನೆ.

ಚಿತ್ರದ ಕಾಲ ಸುಮಾರು ಸಾವಿರ ವರ್ಷಗಳ ಹಿಂದಿನದೆಂದು ತೋರುವುದು. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಾದ ಹೈಲೆಂಡಿನವರು ಕಿಲ್ಟನ್ನು ಉಡುತ್ತಿದ್ದರೆಂಬುದಕ್ಕೆ ಸ್ಪಷ್ಟವಾದ ಬರಹ ಸಿಕ್ಕುವುದಾದರೋ ೧೬ನೆಯ ಶತಮಾನದ ಕಡೆಯಲ್ಲಿ. ಅದೂ ಇಂದಿನ ಹೊಲಿದ ಕಿಲ್ಟಲ್ಲ. ನಾಲ್ಕೈದು ಗಜ ಉದ್ದದ ಒಂದು ದೊಡ್ಡ ಉಣ್ಣೆಯ ಹೊದಿಕೆ. ಅಲ್ಲಿಯ ಮಗ್ಗಗಳು ಅಗಲದಲ್ಲಿ ಕಿರಿದಾದುವಾದ್ದರಿಂದ ಎರಡು ಪಟ್ಟಿಗಳನ್ನು ಉದ್ದಕ್ಕೆ ಸೇರಿಸಿ ಹೊಲಿದು ಅದನ್ನು ಸಿದ್ಧಪಡಿಸುವರು. ಉಡುವ ಕ್ರಮವೊಂದು ಸೊಗಸು. ನೆಲದ ಮೇಲೆ ನಡುಪಟ್ಟಿಯನ್ನು ಚಾಚಿ, ಅದರ ಮೇಲೆ ಹೊದಿಕೆಯನ್ನು ಹಾಸಿ, ನಡುವಿನ ಭಾಗವನ್ನು ನಮ್ಮ ಸೀರೆಯ ನೆರಿಗೆಯಂತೆ ನೆರಿಗೆ ಹಿಡಿದು, ಅದರ ಮೇಲೆ ಅಂಗಾತ ಮಲಗಿ, ಎರಡು ಅಂಚುಗಳನ್ನೂ ಮುಂದಕ್ಕೆ ತಂದು ನಡುಪಟ್ಟಿಯನ್ನು ಬಿಗಿದು ಏಳುವರು. ಸೊಂಟದಿಂದ ಕೆಳಗಿನದು ಉಡುಗೆಯಾಯಿತು, ಮೇಲಿನದು ಹೊದಿಕೆಯಾಯಿತು. ಮಳೆ ಬಂದರೆ ಅದನ್ನೇ ತಲೆಯ ಮೇಲೆ ಎಳೆದುಕೊಳ್ಳುವರು. ಇರುಳಾದರೆ ಬಿಚ್ಚಿ ಹೊದ್ದು ಬೆಟ್ಟದ ಮೇಲೆಯೇ ಮಲಗುವರು. ಸೊಂಟದಿಂದ ಕೆಳಗಿನ ಭಾಗವನ್ನು ಮಾತ್ರ ಉಳಿಸಿಕೊಂಡ ಸಣ್ಣ ಕಿಲ್ಟು ೧೮ನೆಯ ಶತಮಾನದಲ್ಲಿ ಬಳಕೆಗೆ ಬಂದುದು.

ಮಳೆಗಾಲದಲ್ಲಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಬೆನ್ನಿನುದ್ದಕ್ಕೂ ಇಳಿಬಿಟ್ಟು, ಕೋಲೂರಿ ಕುರಿಯ ಹಿಂದೆ ನಿಂತ ನಮ್ಮ ಕುರುಬರನ್ನು ಕಂಡವರಿಗೆ ಮೇಲಿನ ವರ್ಣನೆಯಲ್ಲಿ ಹೊಸದೇನಿದೆ? ಮಾತಿನಲ್ಲಿಯೂ ಈ ನಂಟು ಉಂಟು. ಚೌಕಳಿಯ ಉಣ್ಣೆಹೊದಿಕೆಗೆ ಆಂಗ್ಲರು ‘ಪ್ಲ್ಯಾಡ್’ ಎನ್ನುವರಷ್ಟೆ. ಅದು ಹೈಲೆಂಡಿನ ಗೇಲಿಕ್ ನುಡಿಯ ‘ಪ್ಲಾಜ಼’ ಎಂಬ ಮಾತಿನ ಮರಿ, ಅದರ ಅರ್ಥ ಕಂಬಳಿಯೆಂದೇ. ‘ಕಿಲ್ಟ್’ ಎಂಬುದಾದರೋ ಸ್ಕ್ಯಾಂಡಿನೇವಿಯದ ಕಡೆಯಿಂದ ಬಂದ ಮಾತು. ಉಟ್ಟುದನ್ನು ಎತ್ತಿ ಕಟ್ಟುವುದೆಂದು ಅದರ ಮೂಲಾರ್ಥ.

ಇನ್ನು ಟಾರ್ಟನ್ ಎನ್ನುವ ಆ ಚೌಕಳಿಯ ವಿಚಾರ. ನೇಯ್ಗೆ ಬಲ್ಲವರಿಗೆ ಇದರ ಗುಟ್ಟು ಸುಲಭ. ಹಾಸಿನಲ್ಲಿ ಯಾವ ಬಣ್ಣದ ಎಳೆಗಳು ಎಷ್ಟೆಷ್ಟು ಯಾವ ಕ್ರಮದಲ್ಲಿ ಬಂದಿವೆಯೋ ಹೊಕ್ಕಿನಲ್ಲಿಯೂ ಅಷ್ಟಷ್ಟೇ ಅದೇ ಕ್ರಮದಲ್ಲಿ ಬರಬೇಕು. ಕೆಂಪಿನ ಮೇಲೆ ಕೆಂಪು ಬಂದಲ್ಲಿ ಅಚ್ಚ ಕೆಂಪು. ಕೆಂಪಿನ ಮೇಲೆ ಹಸುರು ಬಂದಲ್ಲಿ ಎರಡೂ ಬೆರೆತ ಮೂರನೆಯದೊಂದು ಛಾಯೆ. ಹೀಗೆ ಎರಡು ಬಣ್ಣದ ನೂಲಿನಿಂದ ಮೂರು ಛಾಯೆ, ಮೂರರಿಂದ ಆರು, ನಾಲ್ಕರಿಂದ ಹತ್ತು, ಐದರಿಂದ ಹದಿನೈದು. ಎಳೆಗಳನ್ನು ಎರಡು ಬಿಟ್ಟು ಎರಡು ಹಿಡಿದು ಓರೆಯಾಗಿ ನೇಯುವುದರಿಂದ ಬಟ್ಟೆಗೆ ಓರೆಗೆರೆಯೂ ಮೃದುವಾದ ಬಾಗೂ ಬರುತ್ತವೆ. ನಮ್ಮ ಇಳಕಲ್ಲಿನ ಮಗ್ಗಗಳಲ್ಲಿಯೂ ಪಟ್ಟೆದಂಚಿನ ಸೀರೆಯಲ್ಲಿಯೂ ಚೌಕಳಿ ಉಂಟು. ಆದರೆ ಅವು ಮನೆತನದ ಗುರುತೆಂದು ಯಾರೂ ಎಣಿಸಿದವರಲ್ಲ.

ಸ್ಕಾಟ್ಲೆಂಡಿನಲ್ಲಿ ಸಿಕ್ಕ ಬಹು ಹಳೆಯ ಚೌಕಳಿಯ ಚೂರೊಂದು ಫಾಲ್ಕರ್ಕ್ ಊರಿನದು. ಕ್ರಿಸ್ತಶಕ ೩ನೆಯ ಶತಮಾನದ್ದೆಂದು ಎಣಿಸಲಾದ ಆ ಚೂರು ರೋಮನ್ ಬೆಳ್ಳಿನಾಣ್ಯಗಳಿದ್ದ ಮಡಕೆಯೊಂದರ ಜೊತೆಗೆ ೧೯೩೩ರಲ್ಲಿ ದೊರೆಯಿತು. ಅದಕ್ಕೆ ಯಾವ ಬಣ್ಣವನ್ನೂ ಹಾಕಿಲ್ಲ. ಬಿಳಿಯ ಕುರಿಯ ಉಣ್ಣೆ ಒಂದು, ಕಂದುಕುರಿಯ ಉಣ್ಣೆ ಒಂದು, ಕುರಿಯ ಮೈಮೇಲಿದ್ದ ಬಣ್ಣವೇ ಬಟ್ಟೆಯ ಬಣ್ಣ. ಅಂಚಿನಲ್ಲಿ ಬಿಳಿಯ ಪಟ್ಟೆಯುಳ್ಳ ನಮ್ಮ ಕರಿಯ ಕಂಬಳಿಯೂ ಹೀಗೆಯೇ ಅಲ್ಲವೆ?

ಈ ಎರಡು ಸೀಮೆಗಳನ್ನೂ ಕಣ್ಣಾರೆ ಕಂಡ ಒಬ್ಬನ ಮಾತನ್ನು ಇಲ್ಲಿ ಹೇಳಲೇಬೇಕು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ೧೭೬೨ರಲ್ಲಿ ಹೈಲೆಂಡಿನ ಹೊಸ್ತಿಲಲ್ಲಿರುವ ಕ್ಯಾಲೆಂಡರ್ ಎಂಬಲ್ಲಿ ಹುಟ್ಟಿದವನು. ಅವನು ಹುಟ್ಟುವುದಕ್ಕೆ ಹದಿನಾರು ವರ್ಷ ಮುಂಚೆ, ಅಂದರೆ ೧೭೪೬ರಲ್ಲಿ, ದಂಗೆಯೆದ್ದ ಹೈಲೆಂಡಿನವರನ್ನು ಕಲೋಡನ್ ಕಾಳಗದಲ್ಲಿ ಮುರಿದ ಲಂಡನ್ನಿನ ಸರಕಾರವು ಅವರ ಉಡುಪನ್ನೇ ನಿಷೇಧಿಸಿತ್ತು. ಸೈನ್ಯದಲ್ಲಿದ್ದವರನ್ನು ಬಿಟ್ಟು ಉಳಿದ ಗಂಡಸರು ಕಿಲ್ಟನ್ನಾಗಲಿ ಟಾರ್ಟನ್ನಿನ ಮೇಲಂಗಿಯನ್ನಾಗಲಿ ಧರಿಸಿದರೆ ಮೊದಲ ತಪ್ಪಿಗೆ ಆರು ತಿಂಗಳ ಸೆರೆ. ಎರಡನೆಯದಕ್ಕೆ ಏಳು ವರ್ಷ ಕಡಲಾಚೆಗೆ ಗಡೀಪಾರು. ಒಂದು ಜನದ ಹೊದಿಕೆಯನ್ನು ಕಸಿದುಕೊಂಡರೆ ಅವರ ನೆನಪನ್ನೂ ಕಸಿದುಕೊಂಡಂತೆಂದು ಆಳುವವರು ಎಣಿಸಿದ್ದರು. ಈ ಕಾಯಿದೆ ರದ್ದಾದುದು ೧೭೮೨ರಲ್ಲಿ. ಅಷ್ಟರಲ್ಲಿ ಬುಕಾನನನಿಗೆ ಇಪ್ಪತ್ತು ವರ್ಷ.

ಅದೇ ಬುಕಾನನನು ಟಿಪ್ಪುಸುಲ್ತಾನನು ಮಡಿದ ಮರುವರ್ಷ ಕಂಪನಿ ಸರಕಾರದ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಲು ಹೊರಟು, ೧೮೦೧ರಲ್ಲಿ ತುಂಗಭದ್ರೆಯ ದಂಡೆಯ ಹರಿಹರವನ್ನೂ ನಮ್ಮ ದಾವಣಗೆರೆಯನ್ನೂ ನೋಡಿದನು. ಬೇತೂರಿನ ನೆರೆಯ ಪುಟ್ಟ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಾಲಿಯು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಿಯಾಗಿ ಕೊಟ್ಟಿದ್ದನು. ಅವನು ವರ್ತಕರನ್ನು ಕರೆತಂದು ನೆಲಸಿಸಿದ್ದರಿಂದ ಊರು ಪೇಟೆಯಾಯಿತು. ಆ ಪೇಟೆಯ ಹೆಸರುವಾಸಿಯಾದ ಸರಕು ಕಂಬಳಿ. ಇಂದು ದಾವಣಗೆರೆಯೆಂದರೆ ಬೆಣ್ಣೆದೋಸೆಯೆನ್ನುವರು, ಅದಕ್ಕೆ ಹಿಂದೆ ಹತ್ತಿಯ ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಎರಡಕ್ಕೂ ಮೊದಲು ಅದು ಕಂಬಳಿಯ ಊರು. ಟೊಳ್ಳು ಬಿದಿರಿನ ಅಂಡೆಯೊಳಗೆ ಸುತ್ತಿ ಇಡಬಹುದಾದಷ್ಟು ನವುರಾದ ಕಂಬಳಿಗಳನ್ನು ಚಿತ್ರದುರ್ಗದ ಈ ಸೀಮೆಯಲ್ಲಿ ನೇಯುತ್ತಿದ್ದರೆಂಬ ಮಾತು ಹಿಂದಿನಿಂದ ಬಂದಿದೆ. ಅಂಥದೊಂದನ್ನು ನಾನಂತೂ ಕಂಡವಳಲ್ಲ.

ಸ್ಕಾಟ್ಲೆಂಡಿನಲ್ಲಿ ಮುಂದೆ ನಡೆದುದು ಬಲು ವಿಚಿತ್ರ. ನಿಷೇಧ ಹೋದ ಮೇಲೆ ಬೆಟ್ಟದ ಬಡವರು ಆ ಉಡುಪಿಗೆ ಪೂರ್ತಿಯಾಗಿ ಮರಳಲಿಲ್ಲ. ಪಟ್ಟಣದ ಶ್ರೀಮಂತರಿಗೆ ಅದರ ಮೇಲೆ ಮೋಹ ಹುಟ್ಟಿತು. ೧೮೧೫ರಲ್ಲಿ ಲಂಡನ್ನಿನ ಹೈಲೆಂಡ್ ಸಂಘದವರು ಮನೆತನಗಳ ಮುಖ್ಯಸ್ಥರಿಗೆ ಪತ್ರ ಬರೆದು ‘ನಿಮ್ಮ ಮನೆತನದ ಟಾರ್ಟನ್ನಿನ ಮಾದರಿಯನ್ನು ಕಳುಹಿಸಿ’ ಎಂದು ಕೇಳಿದರು. ಕೆಲವರಿಗೆ ತಮ್ಮದು ಯಾವುದೆಂದೇ ತಿಳಿಯದು! ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ಎಂಬ ನೇಯ್ಗೆಯ ಮನೆಯವರು ಸೈನ್ಯಕ್ಕೆ ಈ ಬಟ್ಟೆಯನ್ನು ಒದಗಿಸುತ್ತಿದ್ದರು. ಮೊದಮೊದಲು ಅಂಕೆಗಳಿಂದ ಗುರುತಿಸುತ್ತಿದ್ದ ತಮ್ಮ ಕೆಲವು ಮಾದರಿಗಳಿಗೆ ಅವರು ಕ್ರಮೇಣ ಮನೆತನಗಳ ಹೆಸರನ್ನಿಟ್ಟು ಮಾರಿದರು. ೧೮೨೨ರ ಆಗಸ್ಟಿನಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೊ ನಗರಕ್ಕೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟನು ಮುಂದೆ ನಿಂತು ಇಡಿಯ ಪಟ್ಟಣಕ್ಕೇ ಚೌಕಳಿ ಉಡಿಸಿದನು. ಸ್ಥೂಲಕಾಯದ ದೊರೆಯೂ ಕಿಲ್ಟನ್ನುಟ್ಟು, ಕಾಲಿನ ಮಾನ ಕಾಯಲು ಮೈಬಣ್ಣದ ಬಿಗಿಚಲ್ಲಣವನ್ನು ತೊಟ್ಟನು. ಯಾವ ಉಡುಪಿಗಾಗಿ ಅಜ್ಜಂದಿರು ಸೆರೆಗೆ ಹೋಗಬೇಕಾಗಿತ್ತೋ ಅದನ್ನೇ ಮೊಮ್ಮಕ್ಕಳ ಕಾಲದಲ್ಲಿ ದೊರೆ ಉಟ್ಟು ಮೆರೆದನು. ಮನೆತನಕ್ಕೊಂದು ಟಾರ್ಟನ್ ಎಂಬ ಕಟ್ಟುನಿಟ್ಟು ಬೇರೂರಿದ್ದು ಈ ವರ್ಷಗಳಲ್ಲಿಯೇ.

ಹಾಗಾದರೆ ಚಿತ್ರದಲ್ಲಿ ನಾಲ್ಕು ಮನೆತನಗಳಿಗೆ ನಾಲ್ಕು ಚೌಕಳಿ ತೊಡಿಸಿದ್ದು ಚರಿತ್ರೆಗೆ ಒಪ್ಪದ ಮಾತು. ಆದರೆ ಇಷ್ಟರಿಂದಲೇ ಅದೆಲ್ಲ ಸುಳ್ಳೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಕಳೆದುಕೊಂಡ ಜನ ಹಿಂದಕ್ಕೆ ಪಡೆದಾಗ, ಇದ್ದುದಕ್ಕಿಂತ ಒಂದು ಹಿಡಿ ಹೆಚ್ಚಾಗಿಯೇ ಪಡೆಯುವರು. ಈಗ ಅಲ್ಲಿ ಟಾರ್ಟನ್ನುಗಳಿಗೆ ಸರಕಾರದ ದಫ್ತರವೇ ಉಂಟು. ೨೦೦೮ರ ಕಾಯಿದೆಯಂತೆ ಮರುವರ್ಷ ಅದು ಆರಂಭವಾಯಿತು. ಎಳೆಗಳ ಲೆಕ್ಕಸಹಿತವಾಗಿ ಮಾದರಿಯನ್ನು ಅದರಲ್ಲಿ ಬರೆಯಿಸಬಹುದು. ಚಿತ್ರ ಮಾಡಿದವರು ಡನ್‌ಬ್ರಾಖಿನ ಚೌಕಳಿಯನ್ನೂ ೨೦೧೨ರಲ್ಲಿ ಅಲ್ಲಿ ಬರೆಯಿಸಿದರು. ಅದರಲ್ಲಿಯ ನೀಲಿ ಉತ್ತರದ ಕಡಲಿಗಂತೆ, ಮಾಸಿದ ಕೆಂಪು ಕಾಳಗಗಳಲ್ಲಿ ಹರಿದ ನೆತ್ತರಿಗಂತೆ, ಹಸುರು ಬೆಟ್ಟಗಳಿಗಂತೆ. ಹುಟ್ಟದೇ ಇದ್ದ ಮನೆತನದ ಬಟ್ಟೆಗೂ ಸರಕಾರದ ದಫ್ತರದಲ್ಲಿ ಒಂದು ಪುಟ!

ಇದನ್ನು ಓದಿದಾಗ ನಮ್ಮ ಕಡೆಯ ಕಂಬಳಿಯ ಪುಟವೆಲ್ಲಿ ಎಂದು ಕೇಳಿಕೊಂಡೆನು. ಹೈಲೆಂಡಿನವರು ‘ಕ್ಲ್ಯಾನ್’ ಎನ್ನುವುದಕ್ಕೆ ನಮ್ಮಲ್ಲಿ ‘ಬೆಡಗು’ ಎಂಬ ಒಳ್ಳೆಯ ಮಾತಿದೆ. ಕುರುಬರಲ್ಲಿ ಬೆಡಗುಗಳುಂಟು, ಅದಲ್ಲದೆ ಮದುವೆಯಲ್ಲಿ ಕೈಗೆ ಕಟ್ಟುವ ಕಂಕಣದ ನೂಲಿನ ಮೇಲಿಂದ ಹತ್ತಿಕಂಕಣದವರು, ಉಣ್ಣೆಕಂಕಣದವರು ಎಂಬ ಪಂಗಡಗಳೂ ಉಂಟು. ಇಂಥವರ ಮಗನೆಂದು ಮಣಿಕಟ್ಟಿನ ಒಂದೆಳೆ ಹೇಳುತ್ತದೆ. ಹರಿಹರದ ಹೊಳೆ ದಾಟಿ ರಾಣೆಬೆನ್ನೂರಿನ ಕಡೆಗೆ ಹೋದರೆ ದೇವರಗುಡ್ಡ, ಹೊಳೆಯ ಹರಿವಿನೊಡನೆ ಕೆಳಕ್ಕೆ ಹೋದರೆ ಹೂವಿನಹಡಗಲಿಯ ಸೀಮೆಯ ಮೈಲಾರ. ಎರಡು ಕಡೆಯೂ ಮೈಲಾರಲಿಂಗನ ಗೊರವಯ್ಯಗಳಿಗೆ ಕರಿಯ ಕಂಬಳಿಯೇ ಉಡುಪು, ಅದೇ ದೀಕ್ಷೆಯ ಗುರುತು. ಮೈಸೂರಿನ ಕಡೆಯ ಗೊರವರಾದರೆ ತಲೆಗೆ ಕರಡಿಯ ಕೂದಲಿನ ಟೊಪ್ಪಿಗೆಯನ್ನೂ ಇಟ್ಟುಕೊಳ್ಳುವರು. ಆ ಟೊಪ್ಪಿಗೆಯ ಪಟವನ್ನು ತೋರಿಸಿದಾಗ ಮಗಳು ‘ರಾಣಿ ಎಲಿನಾರ್!’ ಎಂದು ಕೂಗಿದಳು.

ಕಂಬಳಿಯ ಕೆಲಸವನ್ನು ನಾವು ಒರಟೆನ್ನುತ್ತೇವೆ, ನೋಡಿದವರು ಹಾಗೆನ್ನಲಾರರು. ಕುರಿಯನ್ನು ಹೊಳೆಯಲ್ಲಿ ತೊಳೆದು ಉಣ್ಣೆ ಕತ್ತರಿಸಿ, ಬಣ್ಣಬಣ್ಣವಾಗಿ ವಿಂಗಡಿಸಿ, ಬಿಲ್ಲಿನಿಂದ ಹಿಂಜಬೇಕು. ಎಳೆಯ ಮರಿಯ ಮೊದಲ ಉಣ್ಣೆಯೇ ಎಲ್ಲಕ್ಕಿಂತ ನಯ. ನೂಲುವುದು ಹೆಂಗಸರ ಪಾಲು. ಹಾಸನ್ನು ಬೀದಿಯುದ್ದಕ್ಕೂ ಎಳೆದುಕಟ್ಟಿ ಹುಣಿಸೆಬೀಜದ ಗಂಜಿಯನ್ನು ಬಳಿದು ಕುಂಚದಿಂದ ತೀಡಿ ಬಿಸಿಲಲ್ಲಿ ಒಣಗಿಸುವರು. ಎಳೆ ಬಿರುಸಾಗಿ ಮಗ್ಗದ ಜಗ್ಗಾಟವನ್ನು ತಾಳುವುದು ಇದರಿಂದಲೇ. ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ಒತ್ತಾಗಿ ನೇಯ್ದ ಕಂಬಳಿಯಲ್ಲಿ ಮಳೆಯ ನೀರು ಬೇಗನೆ ಒಳಗಿಳಿಯದು.

೧೯೮೫ರಲ್ಲಿ ಭಾರತ ಸರಕಾರವು ಕೈಮಗ್ಗಕ್ಕೇ ಮೀಸಲಾದ ಬಟ್ಟೆಗಳ ಕಾಯಿದೆಯನ್ನು ಮಾಡಿತು. ಅದರ ಮೇರೆಗೆ ಮೀಸಲಿಟ್ಟ ಬಟ್ಟೆಗಳ ಪಟ್ಟಿಯಲ್ಲಿ ಕಂಬಳಿಯ ಹೆಸರೂ ಬಂದಿತು. ಆದರೆ ಕಾಯಿದೆಯು ಮಗ್ಗವನ್ನು ಕಾಯಬಹುದೇ ಹೊರತು ಕುರಿಯನ್ನು ಕಾಯಲಾರದು. ಮಾಂಸಕ್ಕೆ ಬೆಲೆ ಬಂದು ಉಣ್ಣೆಗೆ ಇಲ್ಲದಾದಾಗ, ಉಣ್ಣೆಯ ದಖನಿ ಕುರಿಯ ಜಾಗಕ್ಕೆ ಬೇಗ ಕೊಬ್ಬುವ, ಮೈಯಲ್ಲಿ ಕೂದಲು ಮಾತ್ರವಿರುವ ತಳಿಗಳು ಹಲವು ಹಟ್ಟಿಗಳಲ್ಲಿ ಬಂದು ಸೇರಿದುವು. ಕೊಳ್ಳುವವರಿಲ್ಲದೆ ಕತ್ತರಿಸಿದ ಉಣ್ಣೆಯನ್ನು ಹೊಲದಲ್ಲಿಯೇ ಚೆಲ್ಲಿ ಬರುವುದೂ ಉಂಟು. ಪಾಣಿಪತದಿಂದ ಬರುವ ಗಿರಣಿಯ ಹೊದಿಕೆ ಅಗ್ಗ, ಮೃದು, ಬಣ್ಣದ್ದು. ಬಡವರು ಅದನ್ನು ಕೊಂಡರೆ ಅವರನ್ನು ದೂರುವುದು ಹೇಗೆ? ಇತ್ತ ದೊಡ್ಡ ಸಭೆಗಳಲ್ಲಿ ಬಂದ ಗಣ್ಯರಿಗೆ ಕಂಬಳಿ ಹೊದಿಸಿ ಕುರಿಮರಿಯನ್ನು ಕೈಗೆ ಕೊಡುವ ಮರ್ಯಾದೆ ಮಾತ್ರ ನಡೆದೇ ಇದೆ. ಅಂಥ ಪಟವನ್ನು ಪತ್ರಿಕೆಯಲ್ಲಿ ಕಂಡಾಗಲೆಲ್ಲ ನನಗೆ ಈಗ ಬಿಗಿಚಲ್ಲಣದ ಜಾರ್ಜ್ ದೊರೆಯ ನೆನಪಾಗುತ್ತದೆ.

ಚಿತ್ರ ನೋಡಿದ ಸಂಜೆ ಅತ್ತೆಯವರು ಅಟ್ಟದ ಮೇಲಿನ ಟ್ರಂಕನ್ನು ಇಳಿಸಲು ಹೇಳಿದರು. ಅದರೊಳಗೆ ಬೇವಿನ ಎಲೆಗಳ ನಡುವೆ ಅವರ ತಂದೆಯವರ ಕಂಬಳಿಯಿತ್ತು. ಕರಿಯದು, ಎರಡು ತುದಿಗೂ ಎರಡೆರಡು ಬಿಳಿಯ ಪಟ್ಟೆ. ನಡುವೆ ಒಂದು ಗೇಣಿನಷ್ಟು ಹರಿದಿತ್ತು. ಆ ಪಟ್ಟೆಯನ್ನು ಮುಟ್ಟಿ ನೋಡಿ, ನೇಯ್ದವರು ಯಾವ ಊರಿನವರು, ಯಾವ ಮನೆಯವರು ಎಂಬುದನ್ನೂ ಅವರು ಹೇಳಿದರು. ಮಗಳು ತನ್ನ ಶಾಲೆಯ ನೆರಿಗೆಲಂಗವನ್ನು ತಂದು ಪಕ್ಕದಲ್ಲಿ ಹಾಸಿದಳು. ಕೆಂಪು ನೀಲಿಯ ಚೌಕಳಿ, ಇಂಗ್ಲಿಷ್ ಶಾಲೆಗಳ ವಾಡಿಕೆಯಲ್ಲಿ ಇಲ್ಲಿಯವರೆಗೂ ಬಂದ ಕಿಲ್ಟಿನ ಮೊಮ್ಮಗಳು. “ಇದ್ಯಾವ ಮನೆತನದ್ದು ಅಜ್ಜಿ?” ಎಂದು ಕೇಳಿದಳು. “ನಿಮ್ಮ ಇಸ್ಕೂಲಿಂದು” ಎಂದರು ಅತ್ತೆಯವರು.

ಹರಿದುದನ್ನು ಹೊಲಿಯಬೇಕೆಂದು ಮಗಳ ಹಟ. ಕೈನೂಲಿನ ಕರಿಯ ಉಣ್ಣೆಗಾಗಿ ದಾವಣಗೆರೆಯ ಪೇಟೆಯಲ್ಲಿ ನಾಲ್ಕು ಅಂಗಡಿಗಳನ್ನು ಸುತ್ತಿದೆವು. ಎಲ್ಲ ಕಡೆಯೂ ಗಿರಣಿಯ ಬಣ್ಣದ ಉಂಡೆಗಳೇ. ಕಡೆಗೆ ಅತ್ತೆಯವರ ತವರಿನ ಹಳ್ಳಿಗೆ ಹೋದಾಗ, ಮಗ್ಗವನ್ನು ಬಿಚ್ಚಿ ಬಹಳ ವರ್ಷವಾದ ಮುದುಕರೊಬ್ಬರು ಗೋಡೆಯ ಗೂಡಿನಿಂದ ಧೂಳು ಹಿಡಿದ ಒಂದು ಉಂಡೆಯನ್ನು ತೆಗೆದು ಕೊಟ್ಟರು. ಹಣ ಬೇಡವೆಂದರು. ಮನೆಗೆ ಬಂದು ಸೂಜಿಗೆ ಪೋಣಿಸಲು ಹೋದರೆ ಎಳೆ ಕಣ್ಣಿನೊಳಗೆ ಹೋಗದು, ಒತ್ತಿದರೆ ಕವಲೊಡೆಯುವುದು. ಅತ್ತೆಯವರು ಒಳಗೆ ಹೋಗಿ, ಒಂದು ಹಿಡಿ ಹುಣಿಸೆಬೀಜವನ್ನು ಹುರಿದು ಕುಟ್ಟಿ ಗಂಜಿ ಮಾಡಿ ತಂದು, ಎಳೆಯ ತುದಿಯನ್ನು ಅದರಲ್ಲಿ ಅದ್ದಿ ತೀಡಿ, ಒಣಗಲೆಂದು ಕಿಟಕಿಯ ಸರಳಿಗೆ ಕಟ್ಟಿದರು.